ಸಾಬರ ರೇಸು ಕಾರಿಗೆ ಅಜ್ಜಿಯ ಹರಳೆಣ್ಣೆ

ನಾವು ಚಿಕ್ಕವರಿದ್ದ ಕಾಲಕ್ಕೆ ಮದ್ದೂರಿನ ಮಕ್ಕಳಿಗೆ ಶನಿವಾರ ಬಂತೆಂದರೆ ನೆತ್ತಿಗೆ ಹರಳೆಣ್ಣೆ, ಕಣ್ಣಿಗೆ ಸೀಗೆಪುಡಿ. ನಮ್ಮಜ್ಜಿ ಕಾಸಿದ ಎಣ್ಣೆಗೆ ಬೀದಿಯಲ್ಲೆಲ್ಲ ಹೆಸರು. ಹರಳು ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆ ಬಳಿದುಕೊಂಡು ಮತ್ತೆ ಸಣ್ಣ ಉರಿಯಲ್ಲಿ ಕಾಸುವಳು. ಅದರಲ್ಲಿ ಬತ್ತಿ ಅದ್ದಿ ಹಚ್ಚಿದಾಗ ಚಟಪಟ ಎಂದರೆ ಇನ್ನೂ ನೀರಿದೆ ಎಂದರ್ಥ. ಸದ್ದಿಲ್ಲದೆ ಉರಿದರೆ ಮಾತ್ರ ಒಲೆಯಿಂದ ಇಳಿಸುವಳು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಎದುರುಮನೆಯ ಮೆಕ್ಯಾನಿಕ್ ಗಫೂರ್ ಸಾಬರ ಶೆಡ್ಡಿಗೆ ಕೆಟ್ಟುನಿಂತ ರೇಸು ಕಾರೊಂದನ್ನು ಎತ್ತುಗಳು ಎಳೆದುಕೊಂಡು ಬಂದವು. ಮಳವಳ್ಳಿ ಕಡೆ ನಾಲೆ ಕೆಲಸಕ್ಕಿದ್ದ ಇಂಜಿನಿಯರ್ ದೊರೆಯದು. ಚಾವಣಿಯಿಲ್ಲ, ಬಾಗಿಲಿಲ್ಲ, ಮಡ್‌ಗಾರ್ಡಿಲ್ಲ. ನಾಲ್ಕು ಚಕ್ರವೂ ಮಿಡತೆಯ ಕಾಲಿನ ಹಾಗೆ ಮೈಯಿಂದಾಚೆ. ಬೆಂಗಳೂರಿನಲ್ಲಿ ಇಂಥ ಹಳೆ ಕಾರುಗಳ ಓಟವಿತ್ತು. ಕಾರು ತನ್ನ ಕಾಲದಲ್ಲಿ ಹೇಗಿತ್ತೋ ಹಾಗೇ ಇರಬೇಕೆಂಬುದು ಅಲ್ಲಿಯ ಕಾಯಿದೆ. ಹೊಸ ಕಾಲದ ಒಂದು ಬೋಲ್ಟೂ ಕೂಡದು. ಇಂಜಿನ್ ಬಿಸಿಯೇರಿ ಸವೆಯದಂತೆ ಹೊಯ್ಯುವ ಎಣ್ಣೆಯೂ ಆಗಿನಂತೆ ಹರಳೆಣ್ಣೆಯೇ. ಓಡಿಸುವವನ ಪಕ್ಕದಲ್ಲಿ, ಆಗಿನಂತೆಯೇ, ರಿಪೇರಿ ಮಾಡಿದ ಮೆಕ್ಯಾನಿಕ್ ಕೂರಲೇಬೇಕು.

ಈ ಕೊನೆಯ ಮಾತು ಸಾಬರ ತಲೆಗೇರಿಬಿಟ್ಟಿತು. ಆಯಸ್ಸೆಲ್ಲ ಕಂಡವರ ಕಾರಿನ ಅಡಿಯಲ್ಲಿ ಮಲಗಿದ್ದ ಮನುಷ್ಯ.

"ಈ ಸಲ ಅಡೀಲಲ್ಲ ಕಣವ್ವ, ಮ್ಯಾಲೆ ಕುಂತ್ಕತೀನಿ," ಎಂದು ದಿನಕ್ಕೊಂದು ಸಲವಾದರೂ ನನಗೆ ಹೇಳುವರು.

ಅವರ ಹೆಂಡತಿ ಬೀಬಮ್ಮ ಹಳೇ ಚೀಲದ ತೊಗಲಿನಲ್ಲಿ ಕಿವಿ ಮುಚ್ಚುವಂಥ ಟೋಪಿ ಹೊಲಿದರು. ಸಾಬರು ಮುರಿದ ಭಾಗಗಳ ಬದಲಿಯನ್ನೆಲ್ಲ ಅರ ಹಾಕಿ ಉಜ್ಜಿ ತಾವೇ ಮಾಡಿಕೊಂಡರು, ಇಂಜಿನ್ನಿನ ದಂಡ ತಿರುಗುವ ಬೇರಿಂಗಿಗೆ ಲೋಹ ಕರಗಿಸಿ ಎರೆದರು. ಕೊನೆಗೆ ಎಣ್ಣೆ ಕೇಳಲು ಅಜ್ಜಿಯ ಹತ್ತಿರ ಬಂದರು.

"ಗಾಣದಲ್ಲಿ ಸಿಗಾಕಿಲ್ವಾ ಸಾಬ್ರೇ?"

"ಅವ್ರು ಏನೇನು ಬೆರಸ್ತಾರೋ ಕಣಮ್ಮ. ನೀರ್ ಸೇರಿದ್ರೆ ಬೇರಿಂಗೇ ಕರಗೋಯ್ತದೆ. ನಿಮ್ ಕೈ ಎಣ್ಣೆ ಆದ್ರೆ ಕಣ್ಮುಚ್ಕಂಡು ಉಯ್ತೀನಿ."

ಅಜ್ಜಿ ಹಿಗ್ಗಿ ಹೀರೇಕಾಯಿಯಾದಳು. ಎರಡು ದಿನ ಮನೆಯೆಲ್ಲ ಹುರಿದ ಹರಳಿನ ಕಮಟು. ಎರಡನೆಯ ಮಧ್ಯಾಹ್ನ ಹಿಂದಿನ ಬೀದಿಯಿಂದ ಹೆರಿಗೆ ಮಾಡಿಸಲು ಅಜ್ಜಿಗೆ ಕರೆ ಬಂತು.

"ಲೇ ಲಚ್ಚಿ, ಬತ್ತಿ ಅಚ್ಚಿ ನೋಡಿ ಆಮ್ಯಾಕೆ ಇಳಿಸು. ಚಟಪಟ ಅಂದ್ರೆ ಇಳಿಸ್ಬ್ಯಾಡ," ಎಂದು ನನಗೆ ಹೇಳಿ ಓಡಿದಳು.

ಹೊರಗೆ ಕುಂಟಾಬಿಲ್ಲೆಯಲ್ಲಿ ನನ್ನ ಸರದಿ ಬಂದಿತ್ತು. ಬತ್ತಿಯನ್ನು ಅದ್ದಲೂ ಇಲ್ಲ, ಹಚ್ಚಲೂ ಇಲ್ಲ. ಪಾತ್ರೆ ಇಳಿಸಿ ಓಡಿದೆ.

"ನೋಡುದ್ಯೇನೇ?" ಎಂದು ಅಜ್ಜಿ ಸಂಜೆ ಕೇಳಿದಳು.

"ಊಂ ಕಣಜ್ಜಿ, ಸದ್ದೇ ಬರ್ನಿಲ್ಲ."

ಮೂರನೆಯ ದಿನ ಆ ಎಣ್ಣೆ ಹೊಯ್ದು, ಓಡಿಸಿ ನೋಡಲೆಂದು ಕಾರು ಹೊರಡಿಸಿದರು. ಸುಟ್ಟ ಹರಳೆಣ್ಣೆಯ ಹೊಗೆಗೆ ಬೀದಿಯೆಲ್ಲ ಶನಿವಾರದ ವಾಸನೆ. ದೊರೆ ಓಡಿಸಿದ, ಸಾಬರು ಪಕ್ಕದಲ್ಲಿ ಕೂತರು. ಟೋಪಿ ಮಾತ್ರ ತೊಡೆಯ ಮೇಲೆ.

"ಇಕ್ಕಳ್ರೀ," ಎಂದು ಬೀಬಮ್ಮ ಕೂಗಿದರು.

"ರೇಸಿನ್ ದಿನ ಇಕ್ಕತೀನಿ!" ಎಂದರು ಸಾಬರು.

ನಾವೆಲ್ಲ ಹಿಂದೆ ಓಡಿದೆವು. ಶಿಂಷಾ ಸೇತುವೆ ಹತ್ತಿರ ಕಾರು ಕಿರ್ರೆಂದು ನಿಂತೇಬಿಟ್ಟಿತು. ಮತ್ತೆ ಎತ್ತುಗಳೇ ಎಳೆದು ತಂದವು. ಬಿಚ್ಚಿದಾಗ ಬೇರಿಂಗಿನ ಲೋಹ ಕರಗಿಹೋಗಿತ್ತು. ಎಣ್ಣೆಯ ಕಡೆ ಸಾಬರು ನೋಡಲೂ ಇಲ್ಲ.

"ನಾ ಎರೆದಿದ್ದೇ ಸರಿಯಿಲ್ಲ, ಬುದ್ಧಿ," ಎಂದು ದೊರೆಗೆ ಹೇಳಿದರು.

ಶೆಡ್ಡಿನ ಬಾಗಿಲಲ್ಲಿ ನಾನು ನಿಂತಿದ್ದೆ. ಬತ್ತಿ ಹಚ್ಚಿರಲಿಲ್ಲವೆಂದು ಹೇಳದೆ ಮನೆಗೆ ಓಡಿದೆ. ಮೊದಲು ಅಜ್ಜಿಯ ಏಟಿನ ಭಯ, ಆಮೇಲೆ ನಾಚಿಕೆ. ದೊರೆ ಕಾರನ್ನು ರೈಲಿಗೆ ಹಾಕಿಸಿ ಬೆಂಗಳೂರಿಗೆ ಒಯ್ದ. ಅಲ್ಲಿ ರಿಪೇರಿ ಮಾಡಿದವನೇ ಪಕ್ಕದಲ್ಲಿ ಕೂತನಂತೆ. ಅಂದಿನಿಂದ ಸಾಬರು ಬೇರಿಂಗು ಎರೆಯುವುದನ್ನೇ ಬಿಟ್ಟರು. ಅಂಥ ಕೆಲಸ ಬಂದರೆ ಮೈಸೂರಿಗೆ ಕಳಿಸುತ್ತಿದ್ದರು.

ಈಗ ಆ ಶೆಡ್ಡಿಲ್ಲ, ಅಜ್ಜಿಯಿಲ್ಲ, ಮನೆಯಲ್ಲಿ ಎಣ್ಣೆ ಕಾಸುವವರೂ ಇಲ್ಲ. ಅಂಗಡಿಯ ಸೀಸೆಯಲ್ಲಿ ಬರುವ ಹರಳೆಣ್ಣೆಗೆ ವಾಸನೆಯೇ ಇರುವುದಿಲ್ಲ. ನನಗಂತೂ ಅದೇ ವಾಸಿ.

ಸಾಬರು ತೀರಿಕೊಂಡ ವರ್ಷ ತವರಿಗೆ ಹೋದವಳು ಬೀಬಮ್ಮನನ್ನು ಮಾತಾಡಿಸಲು ಹೋದೆ. ಪೆಟ್ಟಿಗೆಯಿಂದ ಆ ಟೋಪಿ ತೆಗೆದು ಕೈಗಿಟ್ಟರು.

"ಒಂದಿನಾನೂ ಇಕ್ಕಳ್ನಿಲ್ಲ ಕಣವ್ವ. ನನ್ ಕೈ ಕೆಟ್ಟೋಯ್ತು ಅಂತ ಸಾಯೋಗಂಟ ಅಂತಿದ್ರು."

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಏಟು ಕೊಡುವವರು ಯಾರೂ ಉಳಿದಿರಲಿಲ್ಲ. ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗೆ ಚೆನ್ನಾಗದೆ ಕಣ್ ಬೀಬಮ್ಮ," ಎಂದೆ.