ಸುಮ್ನಣ್ಣನ ಕೆಂಪು ಗೆರೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಸುಮ್ನಣ್ಣ ಎಂದೇ ಕರೆಯುತ್ತಿದ್ದರು. ಯಾಕೆ ಊಟ ಮಾಡಲಿಲ್ಲ ಎಂದರೆ ಸುಮ್ನೆ, ಯಾಕೆ ನಗುತ್ತೀಯ ಎಂದರೆ ಸುಮ್ನೆ, ಕಣ್ಣು ಯಾಕೆ ಕೆಂಪಗಾಗಿದೆ ಎಂದರೂ ಸುಮ್ನೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಅವನಷ್ಟು ದೊಡ್ಡ ಸಾಹುಕಾರ ಆ ಊರಿನಲ್ಲೇ ಇರುತ್ತಿರಲಿಲ್ಲ. ಬೆಳಗ್ಗೆ ಬಂದು ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಿದ್ದ. ಹಬೆಯ ನಡುವೆ ಒಂದರ ಹಿಂದೊಂದು ಬರುವ ಮಂಚದ ಬಿಳಿ ಹಾಸುಗಳನ್ನು ಹಿಡಿದೆಳೆದು ಮಡಿಸುತ್ತಿದ್ದ. ಹರಿದದ್ದು ಕಂಡರೆ ಪಕ್ಕಕ್ಕೆ ಎತ್ತಿಡುತ್ತಿದ್ದ.

ಹರಿದ ಬಟ್ಟೆ ಸಾಗಿಸಲು ತಳ್ಳುಗಾಡಿ ಇತ್ತು. ಆದರೂ ಅವನು ಆ ಹಾಸುಗಳನ್ನು ತಾನೇ ಹೆಗಲಿಗೇರಿಸಿಕೊಂಡು, ಬಟ್ಟೆ ಒಣಹಾಕುವ ಅಂಗಳ ದಾಟಿ, ಬಾಯ್ಲರ್ ಕೋಣೆಯನ್ನು ಬಳಸಿ, ಆ ತುದಿಯ ಹೊಲಿಗೆ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಕಿಟಕಿಯ ಪಕ್ಕದ ಯಂತ್ರದಲ್ಲಿ ತೇಪೆ ಹಾಕುತ್ತ ಕೂತಿರುತ್ತಿದ್ದವಳು ಅವನ ಒಡಹುಟ್ಟಿದ ಅಕ್ಕ.

ಇಬ್ಬರಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಅವನಿಗೆ ಈ ಕೆಲಸ ಕೊಡಿಸಿದ್ದೇ ಅಕ್ಕ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಅಮ್ಮ ಇದ್ದದ್ದು ಅವನ ಮನೆಯಲ್ಲಿ. ಹತ್ತಿರದವರಿಗೆಲ್ಲ ತಿಳಿಸಿಬಿಡಿ ಎಂದು ಡಾಕ್ಟರು ಹೇಳಿದಾಗ, ಅಕ್ಕನನ್ನು ಯಾಕೆ ಗಾಬರಿಪಡಿಸುವುದು, ನಾಳೆ ಹೇಳಿದರಾಯಿತು ಎಂದುಕೊಂಡ. ಅಮ್ಮ ನಾಳೆಯವರೆಗೆ ಕಾಯಲಿಲ್ಲ. ಅಕ್ಕ ಓಡಿ ಬಂದು ಅಮ್ಮನ ತಣ್ಣಗಾದ ಪಾದ ಹಿಡಿದುಕೊಂಡು ಅವನನ್ನು ಕೇಳಿದ್ದು ಒಂದೇ ಮಾತು.

"ಒಂದು ಮಾತು ಹೇಳೋಕೆ ನಿನ್ನ ಬಾಯಿಗೇನಾಗಿತ್ತೋ?"

ತಪ್ಪಾಯ್ತು ಅಕ್ಕ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಂಬಿದ್ದ ಪುಣ್ಯಾತ್ಮ, ಗೋಡೆ ನೋಡುತ್ತ ನಿಂತ. ಅಂದಿನಿಂದ ಅಕ್ಕ ಅವನೊಡನೆ ಮಾತಾಡಲಿಲ್ಲ.

ಆದರೆ ನಡಿಗೆ ನಿಲ್ಲಲಿಲ್ಲ. ಅವನು ಹೋಗಿ ಮೇಜಿನ ಅಂಚಿಗೆ ಹಾಸುಗಳನ್ನು ಇಡುತ್ತಿದ್ದ, ಅವಳು ತಲೆಯೆತ್ತದೆ ಹೊಲಿಯುತ್ತಿದ್ದಳು. ಅವಳಿಗೆ ಕೆಮ್ಮು ಬಂದದ್ದು, ಹೋದದ್ದು, ಕನ್ನಡಕ ಬದಲಾದದ್ದು ಎಲ್ಲ ಅವನಿಗೆ ತಿಳಿಯುತ್ತಿದ್ದದ್ದು ಹೀಗೆ. ಬರಬರುತ್ತ ಅವನ ಹೆಜ್ಜೆ ಸಪ್ಪಳಕ್ಕೆ ಅವಳು ಕತ್ತರಿ, ದಾರದ ಉಂಡೆ ಸರಿಸಿ ಮೇಜಿನಲ್ಲಿ ಜಾಗ ಮಾಡತೊಡಗಿದಳು. ಒಂದು ದಿನ ಆ ಜಾಗದಲ್ಲಿ ಒಂದು ಅಂಗಿಗುಂಡಿ ಇತ್ತು, ದಾರ ಪೋಣಿಸಿದ ಸೂಜಿಯ ಜೊತೆ. ಅವನ ಅಂಗಿಯ ಎರಡನೆಯ ಗುಂಡಿ ಬಿದ್ದುಹೋಗಿ ವಾರವಾಗಿತ್ತು, ಇದು ಅದೇ ಬಣ್ಣದ್ದು. ಅಂದರೆ ಅಕ್ಕ ತಲೆಯೆತ್ತಿ ನೋಡಿದ್ದಳು! ಅಂದು ಅವನು ಯಂತ್ರದ ಮುಂದೆ ನಿಂತು ಒಬ್ಬನೇ ನಗುತ್ತಿದ್ದ. ಯಾಕೆ ಎಂದು ಕೇಳಿದವರಿಗೆ ಏನು ಹೇಳಿದ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ಎಂಜಿನಿಯರಿಂಗ್ ಕಾಲೇಜಿನಿಂದ ನಾಲ್ವರು ಮಕ್ಕಳು ಬಂದರು. ಕೊನೆಯ ವರ್ಷದ ಪ್ರಾಜೆಕ್ಟ್ ಅಂತೆ. ಕೆಲಸದ ಜಾಗದಲ್ಲಿ ಶ್ರಮ ಎಲ್ಲಿ ಪೋಲಾಗುತ್ತದೆ ಎಂದು ಹುಡುಕಿ, ಅದು ತಪ್ಪುವ ಹಾಗೆ ಲಾಂಡ್ರಿಯನ್ನು ಹೊಸದಾಗಿ ಜೋಡಿಸುವುದು ಅವರ ಓದಿನ ಭಾಗ. ಒಳ್ಳೆಯ ಮಕ್ಕಳೇ. ಒದ್ದೆ ಬಟ್ಟೆಯ ಗಂಟು ಹೊರುವ ಹೆಂಗಸರ ಬೆನ್ನುನೋವನ್ನು ಅಲ್ಲಿಯವರೆಗೆ ವಿಚಾರಿಸಿದವರು ಯಾರಿದ್ದರು? ಗೋಡೆಗೆ ಲಾಂಡ್ರಿಯ ದೊಡ್ಡ ನಕ್ಷೆ ಅಂಟಿಸಿ, ಯಾರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೋ ಅದನ್ನೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಣ್ಣದಲ್ಲಿ ಗೆರೆ ಎಳೆದರು. ಸುಮ್ನಣ್ಣನದು ಕೆಂಪು. ಎಲ್ಲರ ಗೆರೆಗಳೂ ತಮ್ಮ ತಮ್ಮ ಮೂಲೆಯಲ್ಲಿ ಸುತ್ತಿಕೊಂಡಿದ್ದರೆ ಅವನದೊಂದು ಮಾತ್ರ ನಕ್ಷೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಒಗೆಯುವವರು ಅದನ್ನು ನೋಡಿ, ಸುಮ್ನಣ್ಣ ಲಾಂಡ್ರಿಗೇ ಹೊಲಿಗೆ ಹಾಕಿದ್ದಾನೆ ಎಂದು ನಕ್ಕರು. ಅವನೂ ನಕ್ಕ.

ಆ ಮಕ್ಕಳಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಅವನ ಹತ್ತಿರ ಬಂದು, ಹರಿದ ಬಟ್ಟೆ ಗಾಡಿಯಲ್ಲೇ ಹೋಗಬಹುದಲ್ಲ, ನೀವೇ ಯಾಕೆ ಹೊರುತ್ತೀರಿ ಎಂದು ಕೇಳಿದಳು.

"ಸುಮ್ನೆ ಕಣಮ್ಮ."

"ಸುಮ್ನೆ ಅಂದ್ರೆ ಹೇಗೆ ಅಂಕಲ್? ಏನಾದ್ರೂ ಕಾರಣ ಇದ್ರೆ ಹೇಳಿ, ಆ ದಾರಿ ಹಾಗೇ ಬಿಡ್ತೀವಿ."

ಹುಡುಗಿ ಪೆನ್ನು ಹಿಡಿದು ಕಾದಳು. ಅಲ್ಲಿ ನನ್ನ ಅಕ್ಕ ಇದ್ದಾಳೆ ಎಂಬ ಮಾತು ಗಂಟಲವರೆಗೆ ಬಂತು. ಆದರೆ ಸುತ್ತ ನಾಲ್ಕು ಜನ ಕಿವಿ ನಿಮಿರಿಸಿಕೊಂಡು ನಿಂತಿದ್ದರು, ಇಷ್ಟು ವಯಸ್ಸಾದ ಗಂಡಸು ಅಕ್ಕನ ಮುಖ ನೋಡಲು ಹಾಸು ಹೊತ್ತು ತಿರುಗುತ್ತಾನೆ ಎಂದರೆ ಏನಂದಾರು?

"ಕಾರಣ ಏನೂ ಇಲ್ಲಮ್ಮ. ಸುಮ್ನೆ."

ಅವಳು ಬರೆದುಕೊಂಡಳು.

ಹೊಸ ಜೋಡಣೆ ಬಂತು. ಹೊಲಿಗೆ ಕೋಣೆ ವಾರ್ಡುಗಳ ಪಕ್ಕದ ಕಟ್ಟಡಕ್ಕೆ ಹೋಯಿತು, ಹರಿದದ್ದೆಲ್ಲ ಗಾಡಿಯಲ್ಲೇ ಹೋಗಬೇಕೆಂದಾಯಿತು. ಒದ್ದೆ ಗಂಟುಗಳಿಗೂ ಗಾಡಿ ಬಂದು ಹೆಂಗಸರ ಬೆನ್ನುನೋವು ಇಳಿಯಿತು, ಸುಮ್ನಣ್ಣನ ಮಂಡಿಗೂ ಆರಾಮವಾಯಿತು. ಮೇಲ್ವಿಚಾರಕರು ಮಕ್ಕಳನ್ನು ಕರೆಸಿ ಎಲ್ಲರೆದುರು ಹೊಗಳಿದರು. ಹೊರಡುವ ಮುಂಚೆ ಕನ್ನಡಕದ ಹುಡುಗಿ ಅವನ ಬಳಿ ಬಂದು, ಈಗ ನಡೆಯುವುದು ಕಡಿಮೆಯಾಯಿತಲ್ಲವೇ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ.

"ಹೊಲಿಗೆ ಆಂಟಿಯನ್ನೂ ಕೇಳಿದ್ವಿ ಅಂಕಲ್, ನೀವು ಬರೋದು ನಿಂತ್ರೆ ಅವರಿಗೇನಾದ್ರೂ ತೊಂದರೆನಾ ಅಂತ. 'ಅವನನ್ನೇ ಕೇಳಿ, ಅವನು ಏನು ಹೇಳ್ತಾನೋ ಹಾಗೇ ಮಾಡಿ' ಅಂದ್ರು. ನೀವು ಹೇಳಿದ್ದನ್ನ ಆಮೇಲೆ ಅವರಿಗೂ ತಿಳಿಸಿದ್ವಿ."

ಹುಡುಗಿಗೆ ಇದು ಸಂತೋಷದ ಸುದ್ದಿ. ಅವಳು ಕೈಬೀಸಿ ಹೋದಳು. ಅಕ್ಕ ಈ ಸಲವೂ ಅವನ ಒಂದು ಮಾತಿಗಾಗಿ ಕಾದಿದ್ದಳು ಎಂಬುದು ಅವನಿಗೆ ನಿಂತಲ್ಲೇ ಹೊಳೆಯಿತು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಮಿಂಚದ ಕಾರ್ಯಕ್ಕೆ ಯಾರಾದರೂ ಚಿಂತಿಸುತ್ತಾರೆಯೇ? ಅವನಿಗೆ ಊಟ ಸೇರಲಿಲ್ಲ. ಮಡಿಸಿದ ಹಾಸನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದ. ಗಾಡಿ ಹೊರಟಾಗಲೆಲ್ಲ ಅದರ ಹಿಂದೆ ಬಾಗಿಲವರೆಗೆ ಹೋಗಿ ವಾಪಸು ಬರುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಅಂಗಿಯ ಎರಡನೆಯ ಗುಂಡಿಯನ್ನು, ಅಕ್ಕ ಕೊಟ್ಟಿದ್ದ ಅದೇ ಗುಂಡಿಯನ್ನು, ತಾನೇ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಟ. ಈಗ ಕೈಯಲ್ಲಿ ಕಾರಣವಿತ್ತು. 'ಅಕ್ಕ, ಇದೊಂದು ಗುಂಡಿ ಹಾಕ್ಕೊಡು' ಎಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ದಾರಿಯುದ್ದಕ್ಕೂ ಶಾಲೆಯ ಮಗು ಪಾಠ ಒಪ್ಪಿಸುವ ಹಾಗೆ ಅದನ್ನೇ ಹೇಳಿಕೊಂಡ.

ಹೊಸ ಕೋಣೆಯಲ್ಲಿ ಬಾಗಿಲಿಗೆ ಎದುರಾಗಿಯೇ ಅಕ್ಕ ಕೂತಿದ್ದಳು. ಯಂತ್ರ ನಿಂತಿತು. ಅವಳು ತಲೆಯೆತ್ತಿ ಅವನ ಮುಖವನ್ನು ನೇರವಾಗಿ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅವಳೇ ಮೊದಲು ಮಾತಾಡಿದಳು.

"ಯಾಕೋ ಬಂದೆ?"

ಅವನು ಬಾಯಿ ತೆರೆದ.

"ಸುಮ್ನೆ."

ಅಕ್ಕ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಅವನು ಮುಷ್ಟಿ ಬಿಚ್ಚಲಿಲ್ಲ. ಅವಳು ಬಗ್ಗಿ ಹಾಸನ್ನು ಸೂಜಿಯ ಕೆಳಗೆ ಸರಿಮಾಡಿಕೊಂಡಳು, ಯಂತ್ರ ಮತ್ತೆ ಓಡಿತು. ಅವನು ಬಂದ ದಾರಿಯಲ್ಲೇ ಮರಳಿದ. ಓಣಿಯಲ್ಲಿ ಹರಿದ ಬಟ್ಟೆಯ ಗಾಡಿ ಎದುರಾಯಿತು. ಗುಂಡಿಯಿಲ್ಲದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವನು ಗೋಡೆಗೆ ಒತ್ತಿ ನಿಂತು ಅದಕ್ಕೆ ದಾರಿ ಬಿಟ್ಟ.