ಗ್ರೈಂಡರಿಗೊಂದು ರಜೆ

ನನಗೆ ಯಂತ್ರಗಳೆಂದರೆ ಸ್ವಲ್ಪ ಹೆಚ್ಚೇ ಗೌರವ. ವಿಕ್ರೋಳಿಯ ನಮ್ಮ ಆಫೀಸಿನ ಬಾಗಿಲಲ್ಲಿ ಹಾಜರಿಯ ಗಡಿಯಾರವೊಂದಿತ್ತು. ಕಾರ್ಡು ತೂರಿಸಿದರೆ ಬಂದ ಹೊತ್ತನ್ನು ಠಕ್ಕೆಂದು ಅಚ್ಚೊತ್ತುತ್ತಿತ್ತು. ಲೋಕಲ್ ರೈಲು ತಡವಾದ ದಿನ ಮ್ಯಾನೇಜರರ ಮುಂದೆ ತಲೆಯೆತ್ತಿಯೇ ನಡೆಯುತ್ತಿದ್ದ ನಾನು ಅದರ ಮುಂದೆ ಮಾತ್ರ ಅಪರಾಧಿಯಂತೆ ನಿಲ್ಲುತ್ತಿದ್ದೆ. ಒಮ್ಮೆ ಅದಕ್ಕೆ ‘ಸಾರಿ’ ಎಂದೂ ಹೇಳಿಬಿಟ್ಟಿದ್ದೆ.

ಇದನ್ನು ಕೇಳಿ ಬಹಳ ಮರುಗಿದವರು ಫಾದರ್ ಲೋಬೊ. ಮಂಗಳೂರಿನವರು, ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯ ಹತ್ತಿರದ ಇಗರ್ಜಿಯ ಪಾದ್ರಿಗಳು. ಭಾನುವಾರ ಬಲಿಪೂಜೆ ಮುಗಿಸಿ ಅನಂತ ಭಟ್ಟರ ಹೋಟೆಲಿಗೆ ದೋಸೆಗೆ ಬರುತ್ತಿದ್ದರು. ಅಲ್ಲೇ ನಮ್ಮ ಸ್ನೇಹ. ಎಪ್ಪತ್ತರ ದಶಕದ ಆರಂಭ, ರೋಮಿನಿಂದ ಪೋಪರ ಪತ್ರಗಳು ಬರುತ್ತಿದ್ದ ಕಾಲ. ಯಂತ್ರ ಇರುವುದು ಮನುಷ್ಯನಿಗಾಗಿ, ದುಡಿಯುವವನಿಗೆ ಮರ್ಯಾದೆ ಬೇಕು, ದೇವರು ಎಲ್ಲರಿಗೂ ಕೊಟ್ಟ ಗಾಳಿಗೆ ಕಾರ್ಖಾನೆಗಳು ಹೊಗೆ ತುಂಬುವ ಹಾಗಿಲ್ಲ ಎಂದೆಲ್ಲ ಫಾದರ್ ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಕನ್ನಡದಲ್ಲಿ ವಿವರಿಸುತ್ತಿದ್ದರು. ನಾನು ಒಪ್ಪುತ್ತಿದ್ದೆ. ದೋಸೆ ಗರಿಗರಿಯಾಗಿರುವಾಗ ನಾನು ಯಾವ ಧರ್ಮದ ಮಾತನ್ನೂ ತೆಗೆದುಹಾಕುವವನಲ್ಲ.

ಆ ದೋಸೆಯ ಹಿಟ್ಟು ರುಬ್ಬುತ್ತಿದ್ದವನು ಶೀನ. ಕುಂದಾಪುರದ ಕಡೆಯವನು, ಹನ್ನೊಂದು ವರ್ಷದಿಂದ ಒಳಗಿನ ಕಲ್ಲಿನ ಮುಂದೆ ಕೂತವನು. ಆ ವರ್ಷ ನವರಾತ್ರಿಗೆ ಮುಂಚೆ ಭಟ್ಟರು ಕೊಯಮತ್ತೂರಿನಿಂದ ಕರೆಂಟಿನ ಗ್ರೈಂಡರ್ ತರಿಸಿದರು. ದಸರೆ ಕಳೆದ ಮೇಲೆ ಶೀನನನ್ನು ಊರಿಗೆ ಕಳಿಸುವುದೆಂದು ನಮಗಿಬ್ಬರಿಗೆ ಹೇಳಿದರು, ಇನ್ನೂ ಹಲವರಿಗೆ ಹೇಳಿದರು. ಹೇಳದೆ ಬಿಟ್ಟದ್ದು ಶೀನನೊಬ್ಬನಿಗೆ. ಫಾದರ್ ನಿಟ್ಟುಸಿರಿಟ್ಟರು, ಕಲ್ಲಿನಲ್ಲಿ ರುಬ್ಬಿದ ಹಿಟ್ಟಿನ ರುಚಿಯ ಬಗ್ಗೆ ನಾನೊಂದು ಭಾಷಣವನ್ನೇ ಮಾಡಿದೆ. ಆಮೇಲೆ ಇಬ್ಬರೂ ಕಾಫಿ ಕುಡಿದು ಎದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಯುಧಪೂಜೆಗೆ ಭಟ್ಟರು ಫಾದರನ್ನೂ ಕರೆದಿದ್ದರು. ಗ್ರೈಂಡರಿಗೆ ಕುಂಕುಮ, ಚೆಂಡುಹೂವಿನ ಹಾರ, ಮಂಗಳಾರತಿ. ಪೂಜೆಯಾದ ಹತಾರವನ್ನು ಅಂದು ಮುಟ್ಟುವಂತಿಲ್ಲ. ಆದರೆ ಮರುದಿನ ವಿಜಯದಶಮಿಯ ಗಿರಾಕಿಗಳಿಗೆ ಇಡ್ಲಿ ಬೇಕಲ್ಲ? ಭಟ್ಟರು ಅದಕ್ಕೂ ದಾರಿ ಯೋಚಿಸಿ, ರುಬ್ಬುವ ಕಲ್ಲಿಗೆ ಮಾತ್ರ ಹೂವೇರಿಸದೆ ಬಿಟ್ಟಿದ್ದರು.

“ಶೀನಾ, ಅಕ್ಕಿ ಉದ್ದು ನೆನೆದುಂಟು. ಕಲ್ಲಿಗೆ ಪೂಜೆ ಆಗ್ಲಿಲ್ಲ, ದೋಷ ಇಲ್ಲ. ಕೂತ್ಕೋ,” ಎಂದರು.

ಶೀನ ಕೂರಲಿಲ್ಲ. ಕೈ ಒರೆಸಿಕೊಂಡು ನಿಂತ.

“ಭಟ್ರೆ, ನಾನು ನಿಮ್ಗೆ ಹತಾರ ಆದ್ರೆ ಇವತ್ತು ನಂಗೂ ಒಂದು ಹೂ ಇಡಿ, ರಜೆ ಕೊಡಿ. ಮನುಷ್ಯ ಆದ್ರೆ, ಊರಿಗೆ ಕಳಿಸೂದನ್ನ ನನ್ನ ಹತ್ರವೂ ಒಂದು ಮಾತು ಹೇಳಿ. ಇಡೀ ಕಾಲೊನಿಗೆ ಗೊತ್ತುಂಟು.”

ಫಾದರ್ ಅಷ್ಟೂ ಭಾನುವಾರ ಹೇಳಿದ್ದನ್ನು ಅವನು ಎರಡೇ ಮಾತಿನಲ್ಲಿ ಮುಗಿಸಿದ್ದ. ಫಾದರ್ ಮುಖ ಕೆಂಪಾಯಿತು. “ನಮಗೂ ತಿಳಿದಿತ್ತು ಶೀನಪ್ಪ, ಹೇಳದೆ ಇದ್ದದ್ದು ನಮ್ಮ ತಪ್ಪು,” ಎಂದರು. ನಾನು ಗಾಬರಿಯಲ್ಲಿ ಕಲ್ಲಿನ ಪರವಾಗಿ ಏನೋ ಹೇಳಹೊರಟೆ.

“ಕಲ್ಲು ನಂಗೆ ಬೇಡವೇ ಬೇಡ ಮಾರಾಯ್ರೆ,” ಎಂದ ಶೀನ. “ಬೇಕಾದ್ರೆ ನೀವು ಮನೆಗೆ ಕೊಂಡ್ಹೋಗಿ. ಮಿಶನ್ ನಾನೇ ನಡೆಸ್ತೆ. ಯಾರಾದ್ರೂ ಕೇಳ್ಬೇಕಲ್ಲ?”

ಭಟ್ಟರು ಕೆಟ್ಟವರಲ್ಲ, ಕೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ. ಈಗ ಕೇಳಿದರು. ಊರಿಗೆ ಕಳಿಸುವ ಮಾತು ಅಲ್ಲಿಗೆ ಮುಗಿಯಿತು. ಶೀನನಿಗೆ ಆ ದಿನದ ರಜೆಯೂ ಸಿಕ್ಕಿತು. ನೆನೆದ ಅಕ್ಕಿ ಮಾತ್ರ ಹಾಗೇ ಉಳಿಯಿತು. ಭಟ್ಟರು ಪಂಚೆ ಎತ್ತಿ ಕಟ್ಟಿ ಕಲ್ಲಿನ ಮುಂದೆ ಕೂತರು. ಫಾದರ್ ನಿಲುವಂಗಿಯ ತೋಳು ಮಡಚಿ ಒಂದಷ್ಟು ಹೊತ್ತು ತಿರುಗಿಸಿದರು. ಮಡಿಯ ವಿಚಾರ ಯಾರೂ ಎತ್ತಲಿಲ್ಲ. ಕಲ್ಲಿನ ಮಹಿಮೆ ಹಾಡಿದ್ದ ನಾನು ಇಪ್ಪತ್ತೇ ಸುತ್ತಿಗೆ ನೀರು ಕೇಳಿದೆ.

ಮರುದಿನ ಬೆಳಗ್ಗೆ, ಗ್ರೈಂಡರಿನ ಕೆಲಸ ಶುರುಮಾಡುವ ಮುಂಚೆ, ಶೀನ ಗಿರಾಕಿಗಳ ಬೆಂಚಿನಲ್ಲಿ ನಮ್ಮ ಪಕ್ಕ ಕೂತು ಆ ಇಡ್ಲಿ ಮುರಿದ. ನಿಧಾನವಾಗಿ ಅಗಿದು, “ಉದ್ದು ಸ್ವಲ್ಪ ತರಿ ಆಯ್ತು ಭಟ್ರೆ,” ಎಂದ.

ಭಟ್ಟರು ಭುಜ ನೀವಿಕೊಳ್ಳುತ್ತ ಹೌದೆಂದು ತಲೆಯಾಡಿಸಿದರು. ನಾನೂ ಫಾದರೂ ನಮ್ಮ ನಮ್ಮ ತಟ್ಟೆಗಳನ್ನೇ ನೋಡುತ್ತ ತಿಂದು ಮುಗಿಸಿದೆವು.