ಸುಗ್ಗಿಯ ಮೂರು ತಿಂಗಳು, ಸಮುದ್ರದ ಹನ್ನೆರಡು ದಿನ

ಆ ಸೀಟಿ ಎಲ್ಲಿಂದ ಬರುತ್ತಿದೆ ಎಂದು ನಾನು ಮನೆಯೆಲ್ಲ ಹುಡುಕಿದೆ. ದೀಪಾವಳಿ ಮುಗಿದು ವಾರವಾಗಿತ್ತು. ರೊಟ್ಟಿ ಬಡಿಯುತ್ತಿದ್ದೆ. ಸಣ್ಣಗೆ, ಮಕ್ಕಳ ಪೀಪಿಯ ಹಾಗೆ ಒಂದು ಸದ್ದು. ಕುಕ್ಕರ್ ನೋಡಿದೆ, ಅದು ಒಲೆಯ ಮೇಲೆ ಇರಲೇ ಇಲ್ಲ. ಕಿಟಕಿ ಸಂದಿಯ ಗಾಳಿ ಇರಬಹುದೆಂದು ಎಲ್ಲ ಕಿಟಕಿ ಒತ್ತಿ ಹಾಕಿದೆ. ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಸದ್ದು ನಿಂತಿತು. ಉಸಿರು ಬಿಟ್ಟೆ. ಮತ್ತೆ ಶುರುವಾಯಿತು.

ಅದು ನನ್ನ ಎದೆಯೊಳಗಿನಿಂದ ಬರುತ್ತಿತ್ತು.

ಇದು ನಾಲ್ಕು ವರ್ಷದ ಹಿಂದಿನ ಮಾತು. ನಮ್ಮದು ಮಾನ್ವಿ. ಮನೆ ಇರುವುದು ನಮ್ಮದೇ ಅಕ್ಕಿ ಮಿಲ್ಲಿನ ಕಂಪೌಂಡಿನೊಳಗೆ. ಅಡುಗೆಮನೆಯ ಹಿಂದಿನ ಗೋಡೆಗೂ ಭತ್ತ ಸುರಿಯುವ ಕಟ್ಟೆಗೂ ಹತ್ತು ಹೆಜ್ಜೆ. ಮದುವೆಯಾಗಿ ದೇವದುರ್ಗದಿಂದ ಬಂದಾಗ ನನಗೆ ಇಪ್ಪತ್ತೆರಡು. ಮೊದಲ ವಾರ ಮಿಲ್ಲಿನ ಗರಗರ ಸದ್ದಿಗೆ ತಲೆ ಸಿಡಿಯಿತು. ಆಮೇಲೆ ಕರೆಂಟು ಹೋಗಿ ಮಿಲ್ಲು ನಿಂತರೇ ಏನೋ ತಪ್ಪಿದಂತೆ ಆಗತೊಡಗಿತು. ಅಕ್ಕಿಗೆ ಪಾಲಿಶ್ ಹಾಕುವಾಗ ಉದುರುವ ಬಿಸಿ ತೌಡಿನ ವಾಸನೆಯಂತೂ ನನಗೆ ಬಲು ಇಷ್ಟ. ನನ್ನ ಗಂಡ ಬಸವರಾಜ ಊಟಕ್ಕೆ ಬಂದರೆ ನಾನು ತಿರುಗಿ ನೋಡಬೇಕಾಗಿರಲಿಲ್ಲ. ಆ ವಾಸನೆ ಅವರಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ನಾನು ಕೂಡಲೇ ತಾಟು ಇಡುತ್ತಿದ್ದೆ.

ರಾಯಚೂರಿನ ಎದೆ ಡಾಕ್ಟರ ಹತ್ತಿರ ಹೋದೆವು. ಬಾಯಿಗೆ ಒಂದು ಕೊಳವೆ ಇಟ್ಟು ಸ್ಪೈರೋಮೆಟ್ರಿ ಮಾಡಿಸಿದರು. ಪಕ್ಕದಲ್ಲಿ ನಿಂತ ಸಿಸ್ಟರ್ "ಊದ್ರಿ, ಇನ್ನಾ ಊದ್ರಿ, ಬಿಡಬ್ಯಾಡ್ರಿ" ಎಂದು ಹುರಿದುಂಬಿಸುತ್ತಿದ್ದಳು. ನಾನು ಚೆನ್ನಾಗಿಯೇ ಊದಿದೆ ಅಂದುಕೊಂಡಿದ್ದೆ. ಪರದೆಯ ಮೇಲಿನ ಗೆರೆ ಮಾತ್ರ ಮೇಲೆ ಹೋಗದೆ ಅಲ್ಲೇ ಕುಸಿದು ಕೂತಿತು.

"ಅಸ್ತಮಾ," ಎಂದರು ಡಾಕ್ಟರು. "ಮನಿ ಹತ್ರ ಏನರ ಧೂಳು, ಹೊಗಿ ಅದ ಏನ್ರಿ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಅಕ್ಕಿ ಮಿಲ್ ಅದರೀ," ಎಂದರು ನನ್ನ ಗಂಡ, ಕಳ್ಳತನ ಒಪ್ಪಿಕೊಂಡವರ ಹಾಗೆ.

"ಹತ್ರ ಅಂದ್ರ ಎಷ್ಟು ಹತ್ರ?"

"ಮಿಲ್ಲಿನಾಗ ಮನಿ ಅದರೀ."

ಎರಡು ಇನ್‌ಹೇಲರ್ ಬರೆದುಕೊಟ್ಟರು. ಒಂದು ದಿನಾ ಎರಡು ಹೊತ್ತು, ತಪ್ಪಿಸುವಂತಿಲ್ಲ. ಇನ್ನೊಂದು, ನೀಲಿಯದು, ಉಸಿರು ಕಟ್ಟಿದಾಗ. ಭತ್ತದ ಧೂಳು ನನ್ನ ಶ್ವಾಸನಾಳಕ್ಕೆ ಆಗಿಬರುವುದಿಲ್ಲ ಎಂದು ಬಿಡಿಸಿ ಹೇಳಿದರು. "ಸುಗ್ಗಿ ಮುಗಿಯೋತನ ಬ್ಯಾರೆ ಕಡಿ ಇರಾಕ ಆಗ್ತದೇನ್ರಿ?" ಎಂದು ಕೇಳಿದರು. ನನ್ನ ಗಂಡ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು.

ಕಾಲುವೆ ನೀರಿನಲ್ಲಿ ಬೆಳೆದ ಭತ್ತ ಬರುವುದೇ ಚಳಿಗಾಲದಲ್ಲಿ. ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟುತ್ತವೆ. ಬಾಯ್ಲರಿಗೆ ಹೊಟ್ಟು ಉರಿಸಿದ ಬೂದಿ ಒಗೆದ ಬಟ್ಟೆಯ ಮೇಲೆ ಬಂದು ಕೂರುತ್ತದೆ. ಅದೇ ಮೂರು ತಿಂಗಳು ತಂಪುಗಾಳಿಗೆ ಎದೆಯೂ ಬಿಗಿಯುತ್ತದೆ. ಊರಿಗೆಲ್ಲ ಸುಗ್ಗಿ, ನನಗೆ ಜೈಲು. ಮಿಲ್ಲಿಗೆ ಬೆನ್ನು ಮಾಡಿದ ಒಂದೇ ಒಂದು ಕೋಣೆ ನಮ್ಮ ಮನೆಯಲ್ಲಿದೆ. ಅದರ ಕಿಟಕಿಯ ಸಂದಿಗೆ ಟೇಪು ಅಂಟಿಸಿ ನನ್ನನ್ನು ಒಳಗೆ ಕೂರಿಸಿದರು. ರೊಟ್ಟಿ ಬಡಿಯುವ ಕೆಲಸ ಅತ್ತೆಯ ಕೈಗೆ ಹೋಯಿತು. ಎಪ್ಪತ್ತು ದಾಟಿದ ಅತ್ತೆ ದೇವರ ಜಗಲಿಯ ಮುಂದೆ ಊದಿನಕಡ್ಡಿ ಹಚ್ಚುವುದನ್ನೂ ಬಿಟ್ಟರು. "ಶಿವಗ ವಿಭೂತಿ ಸಾಕವ್ವ," ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೇ ಸಿಗದೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಅಸ್ತಮಾ ಎಂದರೆ ಉಸಿರು ಒಳಗೆ ಹೋಗುವುದಿಲ್ಲ ಎಂದೇ ಜನ ತಿಳಿದಿದ್ದಾರೆ. ನನಗೆ ಹಾಗಲ್ಲ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಎದೆ ತುಂಬಿರುತ್ತದೆ, ಅದರ ಮೇಲೆ ಇನ್ನೊಂದು ಗುಟುಕು, ಅದರ ಮೇಲೆ ಮತ್ತೊಂದು. ಬಾಯಿ ಹೊಲಿದ ಚೀಲಕ್ಕೆ ಮತ್ತೆ ಭತ್ತ ತುಂಬಿದ ಹಾಗೆ. ಆಗ ಮಾತು ಬೇಡ, ದೇವರು ಬೇಡ, ಮಕ್ಕಳೂ ಬೇಡ. ಒಂದು ಉಸಿರು ಹೊರಗೆ ಹೋದರೆ ಸಾಕು.

ಮೊದಲ ವರ್ಷ ನಾನೊಂದು ಮೂರ್ಖತನ ಮಾಡಿದೆ. "ಪಂಪ್ ಒಮ್ಮಿ ಹಿಡದ್ರ ಸಾಯೋತನ ಬಿಡಂಗಿಲ್ಲ ನೋಡು," ಎಂದು ಕಲ್ಲೂರಿನ ನಾದಿನಿ ಹೇಳಿದ್ದನ್ನು ನಂಬಿ, ದಿನದ ಇನ್‌ಹೇಲರನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ತೆಗೆದುಕೊಂಡೆ ಎಂದು ಸುಳ್ಳು ಹೇಳುತ್ತಿದ್ದೆ. ರಾಯಚೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಆಕ್ಸಿಜನ್ ಹಾಕಿಸಿಕೊಂಡ ಮೇಲೆ ಬುದ್ಧಿ ಬಂತು.

ನನ್ನ ಗಂಡ ಕೆಟ್ಟವರಲ್ಲ. ಇದನ್ನು ಹೇಳಲೇಬೇಕು. ತಾಸಿಗೊಮ್ಮೆ ಮಿಲ್ಲಿನಿಂದ ಬಂದು, ನನ್ನ ಮಂಚದ ಅಂಚಿಗೆ ಕೂತು, "ಹೆಂಗದ ಈಗ ಉಸಿರು?" ಎಂದು ಕೇಳುತ್ತಿದ್ದರು. ಹುಬ್ಬಿನ ಮೇಲೆ, ಕಿವಿಯ ಹಿಂದೆ, ಅಂಗಿಯ ತೋಳಿನ ಮೇಲೆಲ್ಲ ತೌಡು ಇರುತ್ತಿತ್ತು. ಮಾತಾಡುತ್ತ ನನ್ನ ದಿಂಬು ಸರಿಪಡಿಸಿ ಹೋಗುತ್ತಿದ್ದರು.

ಈ ಸಲ ಚಳಿ ಶುರುವಾಗುವ ಮುಂಚೆ ಮಗಳು ಸುಮಾ ಹಟ ಹಿಡಿದಳು. ಅವಳು ರಾಯಚೂರು ಹತ್ತಿರದ ಯರಗೇರಾದ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ, ಶನಿವಾರ ಬಸ್ಸು ಹಿಡಿದು ಬರುತ್ತಾಳೆ. "ಅವ್ವಾ, ಸುಗ್ಗಿಯೊಳಗ ಹನ್ನೆರಡು ದಿನಾರ ಹೊರಗ ಹೋಗೂಣು. ಎಲ್ಲಿಗಂತ ನೀನ ಹೇಳು," ಎಂದು ಮಿಲ್ಲಿನ ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಪೆನ್ನು ಹಿಡಿದು ಕೂತಳು.

ನಾನು ಮೊದಲು ಹೇಳಿದ್ದು ದೇವದುರ್ಗ. ಬರೆದಳು. ಬರೆದವಳೇ ನನ್ನ ಮುಖ ನೋಡಿದಳು. ತವರುಮನೆಯಲ್ಲಿ ಚಳಿಗಾಲವೆಂದರೆ ಮಾಳಿಗೆಯ ತುಂಬ ಒಣಮೆಣಸಿನಕಾಯಿ, ಪಡಸಾಲೆಯ ತುಂಬ ಹತ್ತಿ. ಎರಡನೆಯ ವರ್ಷ ಅಲ್ಲಿಗೆ ಹೋಗಿ ಮೂರನೆಯ ದಿನಕ್ಕೇ ಬಾಯಿಗೆ ಸೆರಗು ಒತ್ತಿಕೊಂಡು ವಾಪಸು ಬಂದಿದ್ದೆ. ಅಣ್ಣ ಬಸ್ ಸ್ಟ್ಯಾಂಡಿನಲ್ಲಿ ನನ್ನ ಚೀಲ ಹಿಡಿದು ನಿಂತಿದ್ದ. ಹೆಣ್ಣುಮಗಳಿಗೆ ತವರೂ ಆಗಿಬರದಿದ್ದರೆ ಇನ್ನೆಲ್ಲಿಗೆ ಹೋಗಬೇಕು?

ಸುಮಾ ಆ ಹೆಸರಿನ ಮೇಲೆ ಗೆರೆ ಎಳೆದಳು.

ಸುದ್ದಿ ಹಬ್ಬಿದ ಮೇಲೆ ಎಲ್ಲರೂ ಡಾಕ್ಟರಾದರು. ಗಬ್ಬೂರಿನ ಸೋದರಮಾವ ಊಟಿ ಎಂದ. ಮೈದುನ ಮಹಾಬಲೇಶ್ವರ ಎಂದ. ಬೆಟ್ಟದ ಗಾಳಿ ಶುದ್ಧ ಎನ್ನುವುದು ಅವರ ವಾದ. ನಾವು ರಾಯಚೂರಿನ ಡಾಕ್ಟರನ್ನೇ ಕೇಳಿದೆವು. ಕೊರೆಯುವ ಚಳಿ ನನ್ನ ಎದೆಗೆ ಧೂಳಿನಷ್ಟೇ ಕೆಟ್ಟದ್ದು, ಬೆಟ್ಟ ಬೇಡ ಎಂದರು. ಹಗಲು ರಾತ್ರಿಗೆ ಬಹಳ ವ್ಯತ್ಯಾಸವಿಲ್ಲದ, ಬೆಚ್ಚಗಿನ ಜಾಗ ನೋಡಿ. ಗೋಡೆಗೆ ಬೂಷ್ಟು ಹಿಡಿದ ಮನೆ ಬೇಡ. ಅರ್ಧ ತಾಸಿನೊಳಗೆ ಒಂದು ಆಸ್ಪತ್ರೆ ಇರಲಿ ಎಂದರು. ಸುಮಾ ಫೋನಿನಲ್ಲಿ ಊರೂರಿನ ಗಾಳಿ, ಚಳಿ ನೋಡಿ ಕೊನೆಗೆ ಕುಮಟಾದ ಕಡೆ ಸಮುದ್ರದ ದಂಡೆಯ ಒಂದು ಊರು ಆರಿಸಿದಳು. ಬಾಡಿಗೆಗೆ ಎರಡು ಕೋಣೆಯ ಮನೆ. ಫೋನಿನಲ್ಲೇ ಗೋಡೆಗಳನ್ನೆಲ್ಲ ತೋರಿಸಲು ಹೇಳಿ ಮನೆಯೊಡತಿಯ ಜೀವ ತಿಂದಳು.

ಸಂಕ್ರಾಂತಿ ಮುಗಿದ ಮೇಲೆ ನನ್ನ ಗಂಡ ಮಿಲ್ಲನ್ನು ತಮ್ಮನಿಗೆ ಒಪ್ಪಿಸಿದರು. ಸುಗ್ಗಿಯಲ್ಲಿ ಅವರು ಮಿಲ್ಲು ಬಿಟ್ಟು ಹೊರಟಿದ್ದು ಅದೇ ಮೊದಲು. ಗೇಟು ದಾಟುವಾಗ ಮೂರು ಸಲ ಹಿಂದೆ ತಿರುಗಿ ನೋಡಿದರು.

ನಮ್ಮಲ್ಲೊಂದು ರೂಢಿ ಇದೆ. ಊರು ಬಿಟ್ಟರೆ ನಮ್ಮ ಅಕ್ಕಿ ನಮ್ಮ ಜೊತೆಗೆ. ಶ್ರೀಶೈಲಕ್ಕೆ ಹೋದರೂ, ಬೀಗರ ಮನೆಗೆ ಹೋದರೂ ಅಷ್ಟೇ. ಮಿಲ್ಲಿನವರು ಪರರ ಅಕ್ಕಿ ಉಂಡರೆಂದರೆ ಮರ್ಯಾದೆಯ ಪ್ರಶ್ನೆ. ಹೀಗಾಗಿ ಕಾರಿನ ಡಿಕ್ಕಿಯಲ್ಲಿ ಅಂದೇ ಬೆಳಿಗ್ಗೆ ಮಿಲ್ಲಿನಲ್ಲಿ ತುಂಬಿ ಬಾಯಿ ಹೊಲಿದ ಸೋನಾ ಮಸೂರಿಯ ಒಂದು ಗೋಣಿಚೀಲ ಕೂತಿತು. "ಹಾಸಿಗಿ ಅಲ್ಲೇ ಕೊಡ್ತಾರವ್ವ," ಎಂದು ಸುಮಾ ಹೇಳಿದರೂ ನಾನು ಕೇಳಲಿಲ್ಲ. ಯಾರ್ಯಾರೋ ಮಲಗಿ ಎದ್ದ ಹಾಸಿಗೆ ನನಗೇಕೆ? ಹಳೇ ಸೀರೆಗಳಿಂದ ಅತ್ತೆ ಹೊಲಿದ ನಾಲ್ಕು ಕೌದಿಗಳನ್ನು ಅಟ್ಟದಿಂದ ಇಳಿಸಿ ನಾನೇ ಗಂಟು ಕಟ್ಟಿದೆ.

ಘಟ್ಟ ಇಳಿದ ಮೇಲೆ ಗಾಳಿ ಮೆತ್ತಗಾಯಿತು. ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಒಂದು ಮೈಲಿ ನಡೆದೆ. ನಡೆಯುತ್ತ ನಡೆಯುತ್ತ ಮಗಳೊಂದಿಗೆ ಜಗಳವನ್ನೂ ಆಡಿದೆ. ಜಗಳಕ್ಕೆ ಬೇಕಾದಷ್ಟು ಉಸಿರಿತ್ತು. ನನಗೆ ಅಳು ಬಂತು.

ಆದರೆ ಮಧ್ಯಾಹ್ನ ಉಂಡು ಮಲಗಿದರೆ ಸೀಟಿ. ಎದ್ದು ದಂಡೆಗೆ ಹೋದರೆ ಹಗುರ. ಕೋಣೆಗೆ ಬಂದು ಅಡ್ಡಾದರೆ ಮತ್ತೆ ಸೀಟಿ. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ಸಮುದ್ರದ ತೇವ ಆಗಿಬರುತ್ತಿಲ್ಲ ಎಂದುಕೊಂಡೆವು. ನನ್ನ ಗಂಡ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಒಣಗಿಯೇ ಇತ್ತು. ಜಾಗ ಆರಿಸಿದ್ದೇ ತಪ್ಪಾಯಿತೆಂದು ಸುಮಾ ಮುಖ ಬಾಡಿಸಿಕೊಂಡಳು. ಭೂಮಿಯ ಮೇಲೆ ನನಗೆಂದು ಒಂದು ಜಾಗವೇ ಇಲ್ಲ ಎಂದು ನನಗೆ ಖಾತ್ರಿಯಾಯಿತು. ಎದೆಯೇ ಜೈಲಾದರೆ ಯಾವ ಊರಿಗೆ ಹೋಗಿ ಏನು ಪ್ರಯೋಜನ ಎನಿಸಿತು.

ನಾಲ್ಕನೆಯ ದಿನ ಮಧ್ಯಾಹ್ನ ಉಸಿರು ಪೂರ್ತಿ ಕಟ್ಟಿತು.

ಇನ್‌ಹೇಲರ್ ನಾಲ್ಕು ಸಲ ಒತ್ತಿದರೂ ಬಗ್ಗಲಿಲ್ಲ. ನನ್ನ ತುಟಿ ನೋಡಿ ಸುಮಾ ಕಿರುಚಿದಳಂತೆ. ನನಗೆ ನೆನಪಿರುವುದು ನನ್ನ ಗಂಡ ನನ್ನನ್ನು ಎತ್ತಿಕೊಂಡು ಕಾರಿಗೆ ಓಡಿದ್ದು, ಅವರಿಗೂ ಏದುಸಿರು ಬರುತ್ತಿದ್ದದ್ದು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ತಾಸಿನ ಮೇಲೆ ಎದೆ ಸಡಿಲಾಯಿತು.

ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿಕೊಂಡು, "ದಂಡೆಯಲ್ಲಿ ಆರಾಮ, ಹಾಸಿಗೆಯಲ್ಲಿ ತೊಂದರೆ. ಹಾಗಾದರೆ ಸಮುದ್ರದ ಮೇಲೆ ಯಾಕೆ ಅನುಮಾನ? ಆ ಕೋಣೆಯಲ್ಲಿ ಎಂತೆಂತ ಉಂಟು ಹೇಳಿ," ಎಂದರು.

"ಮಂಚ ಅದರೀ," ಎಂದಳು ಸುಮಾ. "ಮಂಚದ ಕೆಳಗ ನಮ್ಮ ಅಕ್ಕಿ ಚೀಲ. ಮ್ಯಾಲೆ ನಮ್ಮ ಮನಿ ಕೌದಿ."

"ಕೌದಿ ಮನೆಯಲ್ಲಿ ಎಲ್ಲಿ ಇಡ್ತೀರಿ?"

ಸುಮಾ ನನ್ನನ್ನು ನೋಡಿದಳು. ನಾನು ನೆಬ್ಯುಲೈಸರಿನ ಮಾಸ್ಕು ಸರಿಸಿದೆ. ಮಿಲ್ಲಿನ ಮನೆಗಳಲ್ಲಿ ಕೌದಿ ಇಡುವ ಜಾಗ ಒಂದೇ. ಬೆಚ್ಚಗೆ ಇರುತ್ತದೆ, ಮಳೆಗಾಲದಲ್ಲೂ ತೇವ ಹಿಡಿಯುವುದಿಲ್ಲ ಎಂದು ಅತ್ತೆಯ ಅತ್ತೆಯ ಕಾಲದಿಂದ ಅಲ್ಲೇ ಇಡುವುದು.

"ತೌಡಿನ ಕ್ವಾಣಿ ಅಟ್ಟದ ಮ್ಯಾಲೆರೀ," ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು.

ಆ ಸಂಜೆ ಸುಮಾ ಒಂದು ಕೌದಿಯನ್ನು ಅಂಗಳದ ಹಗ್ಗಕ್ಕೆ ಹಾಕಿ ಬಡಿಗೆಯಿಂದ ಬಡಿದಳು. ನನ್ನನ್ನು ದೂರ, ರಸ್ತೆಯಾಚೆ ನಿಲ್ಲಿಸಿದ್ದರು. ಒಂದೊಂದು ಏಟಿಗೂ ಹಳದಿ ಧೂಳು ಎದ್ದು ಬಿಸಿಲಿನಲ್ಲಿ ನಿಂತಿತು. ಎಷ್ಟು ಬಡಿದರೂ ಬರುತ್ತಲೇ ಇತ್ತು. ಸಮುದ್ರದ ದಂಡೆಯಲ್ಲಿ ನಿಂತು ನಾನು ಮಾನ್ವಿಯನ್ನು ನೋಡುತ್ತಿದ್ದೆ. ನಾಲ್ಕು ವರ್ಷದಿಂದ ಮಿಲ್ಲಿಗೆ ಶಾಪ ಹಾಕುತ್ತ ಬಂದವಳು, ಅದನ್ನು ನನ್ನ ಕೈಯಾರೆ ಗಂಟು ಕಟ್ಟಿ ತಂದಿದ್ದೆ.

ನನ್ನ ಗಂಡ ಮಂಚದ ಕೆಳಗಿನ ಚೀಲವನ್ನು ಬೆನ್ನಿಗೆ ಏರಿಸಿ ಮನೆಯೊಡತಿಯ ಜಗುಲಿಗೆ ಒಯ್ದು ಇಳಿಸಿದರು. ಅವರು ಚೀಲ ಹೊತ್ತಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವರ ಅಂಗಿಯ ಬೆನ್ನೆಲ್ಲ ಬೆಳ್ಳಗಾಗಿತ್ತು. ನನ್ನ ಹತ್ತಿರ ಬರಲು ಹೊರಟವರು ನಡುವೆಯೇ ನಿಂತರು. ತೋಳನ್ನೊಮ್ಮೆ ನೋಡಿಕೊಂಡರು. ಮತ್ತೆ ನನ್ನನ್ನು ನೋಡಿದರು.

"ಗಿರಿಜಾ, ನಾ ದಿನಾ ನಿನ್ನ ಮಂಚದ ಮ್ಯಾಲ ಕುಂದರತಿದ್ದೆ," ಎಂದರು.

ಅವರು ಬಂದು ಕೂರಲಿ ಎಂದೇ ನಾನೂ ದಿನವಿಡೀ ಬಾಗಿಲು ನೋಡುತ್ತಿದ್ದೆ.

ಉಳಿದ ಎಂಟು ದಿನ ಮನೆಯೊಡತಿ ಕೊಟ್ಟ, ಯಾರ್ಯಾರೋ ಮಲಗಿ ಎದ್ದ ಹಾಸಿಗೆಯ ಮೇಲೆ ಮಲಗಿದೆ. ಅಲ್ಲಿನ ಕೆಂಪು ಕುಚ್ಚಲಕ್ಕಿ ಉಂಡೆವು. ನನ್ನ ಗಂಡ ಮೊದಲ ತುತ್ತನ್ನು ಔಷಧಿ ನುಂಗಿದ ಹಾಗೆ ನುಂಗಿದರು. ಮೂರನೆಯ ದಿನಕ್ಕೆ ಇನ್ನಷ್ಟು ಬಡಿಸು ಎಂದರು. ಸೀಟಿ ಬರಲಿಲ್ಲ. ಬೆನ್ನಿಗೆ ದಿಂಬು ಒಟ್ಟಿಕೊಳ್ಳದೆ ಮಲಗಿದೆ. ಮಲಗಿದರೆ ಎದ್ದು ಕೂರದೆ ಮಲಗಿಯೇ ಇರಬಹುದು ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

ಈಗ ಮತ್ತೆ ಮಾನ್ವಿಯಲ್ಲಿದ್ದೇನೆ. ಅಸ್ತಮಾ ಹೋಗಿಲ್ಲ, ಹೋಗುವುದೂ ಇಲ್ಲ. ಮಿಲ್ಲು ಶಿವರಾತ್ರಿಯವರೆಗೆ ನಡೆಯುತ್ತದೆ. ಕಿಟಕಿಯ ಟೇಪು ಹಾಗೇ ಇದೆ. ಎರಡೂ ಹೊತ್ತು ಇನ್‌ಹೇಲರ್ ತೆಗೆದುಕೊಂಡು ಬಾಯಿ ಮುಕ್ಕಳಿಸುತ್ತೇನೆ, ಯಾರ ಮುಂದಾದರೂ ಸರಿ. ಅತ್ತೆ ಕೌದಿಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆಸಿ ಟ್ರಂಕಿನಲ್ಲಿಟ್ಟರು. ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಸರಿಹೋದರು. ಮುಂದಿನ ಚಳಿಗಾಲಕ್ಕೂ ಅದೇ ಸಮುದ್ರ, ಬರಿಗೈಯಲ್ಲಿ, ಎಂದು ಸುಮಾ ಈಗಲೇ ಬರೆದಿಟ್ಟಿದ್ದಾಳೆ. ಉಸಿರು ಪೂರ್ತಿ ಹಗುರಾಗಿದೆ ಎನ್ನಲಾರೆ. ಆದರೆ ಈ ತಿಂಗಳು ನೀಲಿ ಇನ್‌ಹೇಲರನ್ನು ಎರಡೇ ಸಲ ಮುಟ್ಟಿದ್ದೇನೆ.

ನಿನ್ನೆ ಮಧ್ಯಾಹ್ನ ಬಾಗಿಲಿಗೆ ಬೆನ್ನು ಮಾಡಿ ಬಟ್ಟೆ ಮಡಚುತ್ತಿದ್ದೆ. ಅವರು ಊಟಕ್ಕೆ ಇನ್ನೂ ಯಾಕೆ ಬರಲಿಲ್ಲ ಎಂದು ಯೋಚಿಸುತ್ತಿದ್ದೆ. ಏನೋ ಎನಿಸಿ ತಿರುಗಿದೆ. ಹೊಸ್ತಿಲ ಮೇಲೆ ನಿಂತಿದ್ದರು. ತಲೆಗೂದಲು ಒದ್ದೆ. ಮಿಲ್ಲಿನ ಬಟ್ಟೆ ಅಲ್ಲೇ ಕಳಚಿಟ್ಟು, ಹಿತ್ತಲಿನ ನಲ್ಲಿಯಲ್ಲಿ ಮೈ ತೊಳೆದು, ಬಿಳಿ ಲುಂಗಿ ಉಟ್ಟು ಬಂದಿದ್ದರು. ಕುಮಟಾದಿಂದ ಬಂದಾಗಿನಿಂದ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ, ದೂರದಿಂದಲೇ ಕೇಳಿ ಹೋಗುತ್ತಿದ್ದರು.

"ಯಾವಾಗ ಬಂದ್ರಿ?"

"ಆಗಳೇ ಬಂದು ನಿಂತೀನಿ. ಹೆಂಗದ ಉಸಿರು?"

ಬಂದು ಮಂಚದ ಅಂಚಿಗೆ ಕೂತರು. ಸೋಪಿನ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ, ಅವರು ಬಂದದ್ದು ನನಗೆ ಗೊತ್ತಾಗಿರಲಿಲ್ಲ.

"ಆರಾಮದ," ಎಂದೆ. ತಾಟು ಇಡಲು ಎದ್ದೆ.